ಧಾರವಾಡದ ದಿನಗೂಲಿಗಳು ದಿಲ್ಲಿಗೆ ಹೋದದ್ದು



ಸರ್ಕಾರಿ ನೌಕರಿಯ ಮಾತೆತ್ತಲು ಧಾರವಾಡದಲ್ಲಿ ಪೀಠಿಕೆ ಬೇಡ. ಸಪ್ತಾಪುರದ ಯಾವ ಓಣಿ ಹೊಕ್ಕರೂ ತರಬೇತಿ ಕೇಂದ್ರದ ಫಲಕ ಎದುರಾಗುತ್ತದೆ. ಫಲಕದ ತುಂಬ ಆಯ್ಕೆಯಾದವರ ಫೋಟೊ, ರ‍್ಯಾಂಕು, ಹುದ್ದೆಯ ಹೆಸರು. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ಬಾಡಿಗೆ ಕೋಣೆ ಹಿಡಿದು, ಖಾನಾವಳಿಯಲ್ಲಿ ರೊಟ್ಟಿ ತಿಂದು, ವಾಚನಾಲಯದಲ್ಲಿ ಕೂತು ವರ್ಷಗಟ್ಟಲೆ ಓದುತ್ತಾರೆ. ಒಬ್ಬರಿಗೊಬ್ಬರು ಎದುರಾದರೆ ಊಟ ಆಯಿತೇ ಎಂದು ಕೇಳುವ ಮೊದಲು "ನೋಟಿಫಿಕೇಶನ್ ಯಾವಾಗ ಆಗ್ತೈತಂತ?" ಎಂದು ಕೇಳುತ್ತಾರೆ. ವಯಸ್ಸು ಮೀರುವ ಭಯ ಅವರ ಬೆನ್ನಿಗಿದೆ.

ಇದೇ ಊರಿನ ಸರ್ಕಾರಿ ಕಚೇರಿಗಳ ಒಳಗೆ ಇನ್ನೊಂದು ಬಗೆಯ ಜನ ಇದ್ದಾರೆ. ಅವರ ಫೋಟೊ ಯಾವ ಫಲಕದ ಮೇಲೂ ಬರುವುದಿಲ್ಲ. ಕೆಲಸ ಮಾಡುತ್ತಾರೆ, ಆದರೆ ನೌಕರಿಯಲ್ಲಿ ಇಲ್ಲ. ಕಾಗದ ಟೈಪು ಮಾಡುವವರು, ಪಂಪ್‌ಹೌಸ್ ಕಾಯುವವರು, ರಸ್ತೆಗೆ ಡಾಂಬರು ಹಾಕಿಸುವಾಗ ನಿಂತು ಅಳತೆ ಬರೆದುಕೊಳ್ಳುವವರು, ಕಸ ಎತ್ತುವವರು. ಪಕ್ಕದ ಕುರ್ಚಿಯ ಗುಮಾಸ್ತ "ಏನಪಾ, ನಿಂದು ಖಾಯಂ ಆತೇನು?" ಎಂದರೆ "ಇಲ್ರಿ ಸಾಹೇಬ್ರ, ಫೈಲ್ ಬೆಂಗಳೂರಿಗೆ ಹೋಗೈತ್ರಿ" ಎನ್ನುತ್ತಾರೆ. ಆ ಫೈಲು ಬೆಂಗಳೂರಿಗೆ ಹೋಗುತ್ತಲೇ ಇರುತ್ತದೆ.

ಖಾಸಗಿ ಧಣಿ ಅನ್ಯಾಯ ಮಾಡಿದರೆ ಸರ್ಕಾರದ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬಹುದು. ಸರ್ಕಾರವೇ ಧಣಿಯಾದರೆ? ಒಂದು ರಾಜ್ಯ ಸರ್ಕಾರ, ಒಂದು ಜಿಲ್ಲಾ ಪಂಚಾಯತಿ, ಒಂದು ಮಹಾನಗರ ಪಾಲಿಕೆ ತನ್ನ ಜನರನ್ನು ನ್ಯಾಯವಾಗಿ ನೇಮಿಸಿಕೊಳ್ಳುತ್ತಿದೆಯೇ ಎಂದು ಮೇಲಿನಿಂದ ನೋಡುವವರು ಯಾರು? ಈ ಪ್ರಶ್ನೆಯನ್ನು ದೇಶದ ಮುಂದೆ ದೊಡ್ಡದಾಗಿ ಇಟ್ಟವರಲ್ಲಿ ನಮ್ಮ ಧಾರವಾಡ ಜಿಲ್ಲೆಯ ದಿನಗೂಲಿಗಳೂ ಇದ್ದರು. ಇವತ್ತಿನ ಮಾತು ಅವರ ಬಗ್ಗೆ.

ಧಾರವಾಡ ಜಿಲ್ಲೆ ಎಂದಾಗ 1997ಕ್ಕಿಂತ ಹಿಂದಿನ ದೊಡ್ಡ ಜಿಲ್ಲೆಯನ್ನು ನೆನಪಿಗೆ ತಂದುಕೊಳ್ಳಬೇಕು. ಗದಗ, ಹಾವೇರಿ ಎರಡೂ ಅದರೊಳಗೇ ಇದ್ದವು. ಅಲ್ಲಿ ಲೋಕೋಪಯೋಗಿ ಇಲಾಖೆಯ, ಅಂದರೆ ಜನರ ಬಾಯಲ್ಲಿ ಪಿಡಬ್ಲ್ಯುಡಿಯ, ಅಕ್ಷರಸ್ಥ ದಿನಗೂಲಿ ನೌಕರರು ಒಂದು ಸಂಘ ಕಟ್ಟಿಕೊಂಡಿದ್ದರು. ಇವರು ಬುಟ್ಟಿ ಹೊರುವ ಆಳುಗಳಲ್ಲ, ಓದು ಬರಹ ಬಲ್ಲವರು. ಆದರೂ ದಿನಗೂಲಿ. ಇದರ ರೀತಿ ಹೀಗೆ: ಇಲಾಖೆಯಲ್ಲಿ ಕೆಲಸ ಇರುತ್ತದೆ, ಹುದ್ದೆ ಇರುವುದಿಲ್ಲ. ಹುದ್ದೆ ಬೇಕಾದರೆ ಹಣಕಾಸು ಇಲಾಖೆ ಒಪ್ಪಬೇಕು, ಮಂಜೂರಾತಿ ಬರಬೇಕು, ಅರ್ಜಿ ಕರೆಯಬೇಕು, ಮೀಸಲಾತಿಯ ರೋಸ್ಟರ್ ಹಾಕಬೇಕು. ಅಷ್ಟು ದಿನ ಕಾಯುವವರು ಯಾರು? ಕಾಮಗಾರಿಯ ವೆಚ್ಚದಲ್ಲಿ ಕೂಲಿ ತೋರಿಸಿ, ಮಸ್ಟರ್ ರೋಲಿನ ಮೇಲೆ ಒಂದು ಹೆಸರು ಬರೆದರೆ ಮುಗಿಯಿತು. ಬರೆದವನು ತಾತ್ಕಾಲಿಕ ಎಂದು ಬರೆದಿರುತ್ತಾನೆ. ಬರೆಸಿಕೊಂಡವನಿಗೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಕೂದಲು ನೆರೆಯುತ್ತದೆ. ಮಸ್ಟರ್ ಮಾತ್ರ ತಿಂಗಳು ತಿಂಗಳು ಹೊಸದಾಗುತ್ತದೆ. ಹೆಚ್ಚು ಚಾಣಾಕ್ಷರಾದ ಅಧಿಕಾರಿಗಳು ನಡುನಡುವೆ ಒಂದೆರಡು ದಿನ 'ಬ್ರೇಕ್' ಕೊಟ್ಟು, ಸೇವೆ ಸತತವಾಗಿ ನಡೆದಿಲ್ಲ ಎಂದು ಕಾಗದದಲ್ಲಿ ತೋರಿಸುತ್ತಿದ್ದರು.

ಸಂಘದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆಗ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಲಿಲ್ಲ ಎಂಬುದನ್ನು ಮರೆಯಬಾರದು. ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಖಾಯಂ ಪೀಠವಾದದ್ದು 2013ರಲ್ಲಿ. (ಪೀಠ ಕೂಡ ಖಾಯಂ ಆಗಲು ಐದು ವರ್ಷ ಕಾಯಿತು ಎಂದು ನಮ್ಮ ವಕೀಲ ಮಿತ್ರರು ನಗುತ್ತಾರೆ.) ದಿನದ ಕೂಲಿಯ ಮೇಲೆ ಬದುಕುವವರು ಬೆಂಗಳೂರನ್ನೂ ದಾಟಿ ದಿಲ್ಲಿಯ ತನಕ ಒಂದು ಮೊಕದ್ದಮೆ ನಡೆಸಿದ್ದು ಸಣ್ಣ ಮಾತಲ್ಲ.

ನ್ಯಾಯಾಲಯದ ಮುಂದೆ ಬಂದ ಲೆಕ್ಕ ದಂಗುಬಡಿಸುವಂಥದು. ಕರ್ನಾಟಕದ ಬೇರೆ ಬೇರೆ ಸರ್ಕಾರಿ ಸಂಸ್ಥೆಗಳಲ್ಲಿ ಹೀಗೆ ದುಡಿಯುತ್ತಿದ್ದವರು ಸುಮಾರು 50,000 ಮಂದಿ. ಅವರಲ್ಲಿ ಅನೇಕರದು ಹದಿನಾರರಿಂದ ಇಪ್ಪತ್ತು ವರ್ಷಗಳ ಸೇವೆ. 1990ರ ಫೆಬ್ರುವರಿ 23ರಂದು ನ್ಯಾಯಮೂರ್ತಿ ರಂಗನಾಥ ಮಿಶ್ರ ಅವರಿದ್ದ ಪೀಠ ತೀರ್ಪು ಕೊಟ್ಟಿತು. ರಾಜ್ಯ ಮುಂದಿಟ್ಟ ಯೋಜನೆಯನ್ನು ತಿದ್ದಿ ನ್ಯಾಯಾಲಯವೇ ಒಂದು ಪಟ್ಟಿ ಹಾಕಿಕೊಟ್ಟಿತು. 1984ರ ಜುಲೈ 1ರೊಳಗೆ ಸೇರಿದವರೆಲ್ಲ 1990ರ ಜನವರಿಯಿಂದ ತಿಂಗಳ ಸಂಬಳದವರು. ಸಂಬಳ 780 ರೂಪಾಯಿ, ಖಾಯಂ ಆಗುವ ತನಕ ವರ್ಷಕ್ಕೆ 15 ರೂಪಾಯಿ ಬಡ್ತಿ. 1989ರ ಕೊನೆಗೆ ಹತ್ತು ವರ್ಷ ತುಂಬಿದವರಲ್ಲಿ 18,600 ಮಂದಿಯನ್ನು ತಕ್ಷಣ ಖಾಯಂ ಮಾಡಬೇಕು. ಉಳಿದವರನ್ನು ಹಂತಹಂತವಾಗಿ, ಎಲ್ಲರದೂ 1997ರ ಡಿಸೆಂಬರ್ ಒಳಗೆ ಮುಗಿಯಬೇಕು. ಪರೀಕ್ಷೆ ಇಲ್ಲ, ಜ್ಯೇಷ್ಠತೆ ಮತ್ತು ಮೈಯಲ್ಲಿ ಕಸುವು ಇದ್ದರೆ ಸಾಕು. ಹತ್ತು ವರ್ಷ ಮೀರಿದ ಪ್ರತಿ ಐದು ವರ್ಷದ ಸೇವೆಗೆ ಒಂದು ಹೆಚ್ಚುವರಿ ವೇತನ ಬಡ್ತಿ.

ವರ್ಷಕ್ಕೆ 15 ರೂಪಾಯಿ ಎಂದರೆ ಇಂದಿನ ಕೇಳುಗರು ನಗಬಹುದು. ಆದರೆ ದಿಲ್ಲಿಯ ನ್ಯಾಯಾಲಯವೊಂದು ಹುಬ್ಬಳ್ಳಿ ಧಾರವಾಡದ ಕೆಳಹಂತದ ನೌಕರನ ಬಡ್ತಿಯ ರೂಪಾಯಿಯನ್ನೂ ತಾನೇ ಕೂತು ಗೊತ್ತುಪಡಿಸಿತು. ಮೇಲಿನ ಕಣ್ಣು ಕೆಳಗಿನ ಹಾಜರಿ ಪುಸ್ತಕದ ತನಕ ಇಳಿದು ಬಂದ ದಿನ ಅದು. ಆ ತೀರ್ಪಿನ ಬಲದ ಮೇಲೆ ಸಾವಿರಾರು ಮನೆಗಳಲ್ಲಿ ಪಿಂಚಣಿ ಬಂತು. ದೇಶದ ಬೇರೆ ರಾಜ್ಯಗಳ ದಿನಗೂಲಿಗಳೂ 'ಧಾರವಾಡ ಪ್ರಕರಣ' ಎಂದು ಹೇಳಿಕೊಂಡು ತಮ್ಮ ಹೈಕೋರ್ಟುಗಳಿಗೆ ಹೋದರು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 1984ರ ಜುಲೈ 1ರ ನಂತರ ದಿನಗೂಲಿ ಮೇಲೆ ಯಾರನ್ನೂ ತೆಗೆದುಕೊಳ್ಳಬಾರದು ಎಂಬುದು ಸರ್ಕಾರದ ನಿಲುವು. ನಿಲುವು ವಿಧಾನಸೌಧದಲ್ಲಿತ್ತು, ನೇಮಕ ತಾಲ್ಲೂಕಿನಲ್ಲಿ ನಡೆದೇ ಇತ್ತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹೀಗೆ ಸೇರಿ ಹತ್ತು ವರ್ಷ ಮೀರಿ ದುಡಿದವರು ಖಾಯಂ ಮಾಡಿ ಎಂದು ಕೇಳಿದರು. ಹೈಕೋರ್ಟ್ ಅವರ ಪರ ಹೇಳಿತು, ರಾಜ್ಯ ಮೇಲ್ಮನವಿ ಹೋಯಿತು. ಇದೇ ಪ್ರಸಿದ್ಧ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ನೀಡಿತು. ಬರೆದವರು ನ್ಯಾಯಮೂರ್ತಿ ಪಿ.ಕೆ. ಬಾಲಸುಬ್ರಮಣ್ಯನ್.

ಅದರ ತರ್ಕವನ್ನು ತಳ್ಳಿಹಾಕಲು ಬರುವುದಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುತ್ತದೆ. ಜಾಹೀರಾತಿಲ್ಲದೆ, ಸ್ಪರ್ಧೆಯಿಲ್ಲದೆ, ಅಧಿಕಾರಿಯ ಪರಿಚಯದಿಂದಲೋ ಸ್ಥಳೀಯ ಮುಖಂಡರ ಚೀಟಿಯಿಂದಲೋ ಒಳಗೆ ಬಂದವನನ್ನು ಹತ್ತು ವರ್ಷ ಕಳೆಯಿತು ಎಂದು ಖಾಯಂ ಮಾಡಿದರೆ, ಅರ್ಜಿ ಹಾಕಲು ಅವಕಾಶವೇ ಸಿಗದ ಸಾವಿರ ಮಂದಿಗೆ ಅನ್ಯಾಯವಾಗುತ್ತದೆ. ಮೀಸಲಾತಿಯ ರೋಸ್ಟರ್ ಕೂಡ ಅಲ್ಲಿ ಕೆಲಸ ಮಾಡಿರುವುದಿಲ್ಲ. ಹಿತ್ತಲ ಬಾಗಿಲಿನಿಂದ ಬಂದವರಿಗೆ ನ್ಯಾಯಾಲಯಗಳು ಖಾಯಂ ಆದೇಶ ಕೊಡಕೂಡದು ಎಂದಿತು ಪೀಠ. ನಮ್ಮ ಧಾರವಾಡ ಪ್ರಕರಣವನ್ನು ಹೆಸರಿಸಿ ಚರ್ಚಿಸಿ, ಅದು ಮುಂದಕ್ಕೆ ಹಿಡಿದು ನಡೆಯಬೇಕಾದ ತತ್ವ ಅಲ್ಲ ಎಂದಿತು. ಒಂದೇ ಒಂದು ಕಿಟಕಿ ತೆರೆದಿಟ್ಟಿತು: ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಪರಿಶೀಲಿಸಿ ಖಾಯಂ ಮಾಡಬಹುದು, ಆರು ತಿಂಗಳಲ್ಲಿ ಆ ಕೆಲಸ ಶುರುವಾಗಬೇಕು.

ಸಪ್ತಾಪುರದ ಹುಡುಗನಿಗೆ ಉಮಾದೇವಿ ತೀರ್ಪು ಓದಿ ಹೇಳಿದರೆ ಸರಿಯಾಗಿದೆ ಎನ್ನುತ್ತಾನೆ. ಪಂಪ್‌ಹೌಸಿನ ಕಾವಲುಗಾರನಿಗೆ 1990ರ ತೀರ್ಪು ಓದಿ ಹೇಳಿದರೆ ಅವನೂ ಸರಿಯಾಗಿದೆ ಎನ್ನುತ್ತಾನೆ. ಇಬ್ಬರೂ ಒಂದೇ 16ನೇ ವಿಧಿಯ ಮಕ್ಕಳು. ನನ್ನ ತಕರಾರು ಬೇರೆ ಕಡೆ ಇದೆ. ಮಸ್ಟರಿನ ಮೇಲೆ ಹೆಸರು ಬರೆದವರಿಗೆ, ಬರೆಯಲು ಬಿಟ್ಟವರಿಗೆ, ಇಪ್ಪತ್ತು ವರ್ಷ ಹುದ್ದೆ ಮಂಜೂರು ಮಾಡದೆ ಕೂತವರಿಗೆ ಎರಡೂ ತೀರ್ಪುಗಳಲ್ಲಿ ಏನಾಯಿತು? ಏನೂ ಆಗಲಿಲ್ಲ. ಮೊದಲನೆಯದರಲ್ಲಿ ಖಜಾನೆ ಖರ್ಚು ಕೊಟ್ಟಿತು, ಎರಡನೆಯದರಲ್ಲಿ ಕೂಲಿಯವನು ಕೊಟ್ಟ. ತಪ್ಪು ಮಾಡಿದ ಕೈಗೆ ಮಾತ್ರ ಬಿಸಿ ತಾಗಲಿಲ್ಲ.

ಉಮಾದೇವಿಯ ಆ ಕಿಟಕಿಯನ್ನೂ ಸರ್ಕಾರಗಳು ಮುಚ್ಚಲು ನೋಡಿದವು. ಮತ್ತೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಕಡೆಯ ಪ್ರಕರಣವೇ. ಗದಗ ಜಿಲ್ಲಾ ಪಂಚಾಯತಿಯ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಯಲ್ಲಿ ಒಬ್ಬರು ಟೈಪಿಸ್ಟ್, ಒಬ್ಬರು ಅಕ್ಷರಸ್ಥ ಸಹಾಯಕ, ಒಬ್ಬರು ಕಾವಲುಗಾರ. ಮೂವರೂ 1985ರಿಂದ ದಿನಗೂಲಿ. 2010ರ ಆಗಸ್ಟ್ 3ರಂದು ಕೇಸರಿ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ ಹೇಳಿತು: ಒಂದು ಸಲದ ಪರಿಶೀಲನೆ ಎಂದರೆ ಆರು ತಿಂಗಳು ಕಳೆದ ಮೇಲೆ ಕೈತೊಳೆದುಕೊಳ್ಳುವುದಲ್ಲ; 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ತುಂಬಿದ ಕಟ್ಟಕಡೆಯ ಅರ್ಹನನ್ನು ನೋಡುವ ತನಕ ಆ ಕೆಲಸ ಮುಗಿದಂತಾಗದು. ರವೀಂದ್ರನ್ ಕರ್ನಾಟಕದವರೇ, ಇಲ್ಲಿಯ ಜಿಲ್ಲಾ ಕಚೇರಿಗಳ ರೀತಿ ಅವರಿಗೆ ಹೊಸದಾಗಿರಲಿಕ್ಕಿಲ್ಲ. ಆಮೇಲೆ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ತಂದಿತು. ಕೆಲಸದ ಭದ್ರತೆ ಬಂತು, ಸಂಬಳ ಸುಧಾರಿಸಿತು. ಬಾಗಿಲೊಳಗೆ ಬಂದವರಿಗೆ ಕೂರಲು ಚಾಪೆ ಕೊಟ್ಟಂತಾಯಿತು, ಕುರ್ಚಿ ಅಲ್ಲ.

ಸರ್ಕಾರವೇ ಧಣಿಯಾದಾಗ ಮೇಲಿನಿಂದ ನೋಡುವವರು ಯಾರು ಎಂಬ ಮೊದಲಿನ ಪ್ರಶ್ನೆಯನ್ನು ಈಗ ಸ್ವಲ್ಪ ದೂರ ಹೋಗಿ ನೋಡೋಣ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾನೂನು ಉದ್ಯೋಗದಲ್ಲಿ ತಾರತಮ್ಯ ಕೂಡದು ಎಂದಿತು. ರಾಜ್ಯ ಸರ್ಕಾರಗಳು, ಊರಿನ ನಗರಸಭೆಗಳು ಅದರ ವ್ಯಾಪ್ತಿಗೆ ಬಂದದ್ದು 1972ರ ತಿದ್ದುಪಡಿಯಿಂದ. ಅಲ್ಲಿ ಸಮಾನ ಉದ್ಯೋಗಾವಕಾಶದ ಆಯೋಗವೊಂದು ದೂರು ತೆಗೆದುಕೊಂಡು ತನಿಖೆ ಮಾಡುತ್ತದೆ. ರಾಜ್ಯವೋ ನಗರವೋ ಸರಿಪಡಿಸದಿದ್ದರೆ ಕೇಂದ್ರದ ನ್ಯಾಯ ಇಲಾಖೆಯೇ ಅದರ ಮೇಲೆ ದಾವೆ ಹೂಡಬಹುದು. ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದ ಪ್ರಸಂಗ ಪ್ರಸಿದ್ಧ. ನಗರದ ಜನರಲ್ಲಿ ಕಾಲುಭಾಗ ಕಪ್ಪು ಜನ. ದಳದಲ್ಲಿ ಅವರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ಕಪ್ಪು ಅಗ್ನಿಶಾಮಕರ ಸಂಘ ದೂರು ಕೊಟ್ಟಿತು, 2007ರಲ್ಲಿ ನ್ಯಾಯ ಇಲಾಖೆ ನಗರದ ಮೇಲೆ ದಾವೆ ಹೂಡಿತು. ದಳದ ನೇಮಕಾತಿಗೆ ನಡೆಸುತ್ತಿದ್ದ ಲಿಖಿತ ಪರೀಕ್ಷೆಗೂ ಬೆಂಕಿ ನಂದಿಸುವ ಕೆಲಸಕ್ಕೂ ತಕ್ಕ ಸಂಬಂಧವಿಲ್ಲ ಎಂದು 2009ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. 2014ರಲ್ಲಿ ನಗರ ಸುಮಾರು 9.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಗೆ ಬಂತು.

ಅಲ್ಲಿಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಅಧ್ಯಕ್ಷರು ಬದಲಾದಂತೆ ಆ ಕಾವಲಿನ ಬಿಗಿಯೂ ಬದಲಾಗುತ್ತದೆ. ಆದರೂ ಒಂದು ಸಂಗತಿ ಗಮನಿಸಿ. ಅಲ್ಲಿ ಅನ್ಯಾಯಕ್ಕೊಳಗಾದವನ ಪರವಾಗಿ ಕೇಂದ್ರದ ವಕೀಲ ಎದ್ದು ನಿಂತ. ನಮ್ಮ ಪಿಡಬ್ಲ್ಯುಡಿ ದಿನಗೂಲಿಗಳು ವಕೀಲರನ್ನು ಹುಡುಕಿ, ಕೂಲಿಯಲ್ಲಿ ಚಂದಾ ಎತ್ತಿ ತಾವೇ ಹೋಗಬೇಕಾಯಿತು.

ಹಾಗೆಂದು ನಮ್ಮ ಸಂವಿಧಾನ ರಾಜ್ಯಗಳನ್ನು ಪೂರ್ತಿ ಬಿಟ್ಟುಬಿಟ್ಟಿಲ್ಲ. ರಾಜ್ಯದ ನೌಕರಿಗೆ ಇಂಥ ಊರಿನ ವಾಸಿಯೇ ಆಗಿರಬೇಕು ಎಂದು ಷರತ್ತು ಹಾಕುವ ಅಧಿಕಾರ 16ನೇ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ. ರಾಜ್ಯದ ಲೋಕಸೇವಾ ಆಯೋಗದ, ಅಂದರೆ ಕೆಪಿಎಸ್‌ಸಿಯ, ಸದಸ್ಯರನ್ನು ನೇಮಿಸುವವರು ರಾಜ್ಯಪಾಲರು; ಆದರೆ ದುರ್ವರ್ತನೆಯ ಆರೋಪದ ಮೇಲೆ ಅವರನ್ನು ತೆಗೆಯಬೇಕಾದರೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ವಿಚಾರಣೆಗೆ ಒಪ್ಪಿಸಬೇಕು, 317ನೇ ವಿಧಿ ಹಾಗೆ ಹೇಳುತ್ತದೆ. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ರಾಜ್ಯದ ಯಾವ ಕಚೇರಿಯಿಂದಲೂ ರೋಸ್ಟರ್ ತರಿಸಿ ನೋಡಬಲ್ಲದು. ಆದರೆ ಇವೆಲ್ಲ ಸರಿಯಾದ ದಾರಿಯಲ್ಲಿ ನಡೆಯುವ ನೇಮಕಾತಿಯ ಕಾವಲು. ಪರೀಕ್ಷೆಯಲ್ಲೇ ಕಳ್ಳತನವಾದರೆ ಅದು ಬಯಲಿಗೆ ಬರುತ್ತದೆ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಹಾಗೆ ಬಯಲಾಯಿತು, ರದ್ದಾಯಿತು, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಪರೀಕ್ಷೆಯೇ ಇಲ್ಲದೆ ನಡೆಯುವ ನೇಮಕಕ್ಕೆ ಓಎಂಆರ್ ಹಾಳೆ ಇರುವುದಿಲ್ಲ, ತಿದ್ದಿದ ಗುರುತೂ ಇರುವುದಿಲ್ಲ. ಅಲ್ಲಿರುವುದು ಒಂದು ಮಸ್ಟರ್, ಒಂದು ಸಹಿ.

ಈಗ ಅದೂ ಇಲ್ಲ. ಮಸ್ಟರಿನ ಜಾಗಕ್ಕೆ ಹೊರಗುತ್ತಿಗೆ ಬಂದಿದೆ. ಏಜೆನ್ಸಿಯ ಹೆಸರಿನಲ್ಲಿ ಟೆಂಡರ್, ಏಜೆನ್ಸಿಯ ಕಡೆಯಿಂದ ಡೇಟಾ ಎಂಟ್ರಿ ಆಪರೇಟರ್, ಚಾಲಕ, ನರ್ಸು. ನಮ್ಮ ಮನುಷ್ಯನೇ ಅಲ್ಲ ಎಂದು ಕಚೇರಿ ಹೇಳಬಹುದು. ಸಂಬಳ ತಡವಾದರೆ ಏಜೆನ್ಸಿಯನ್ನು ಕೇಳಿ ಎನ್ನುತ್ತದೆ ಕಚೇರಿ. ಬಿಲ್ಲು ಬಂದಿಲ್ಲ, ಕಚೇರಿಯನ್ನು ಕೇಳಿ ಎನ್ನುತ್ತದೆ ಏಜೆನ್ಸಿ. 1990ರ ದಿನಗೂಲಿಗೆ ತನ್ನ ಧಣಿ ಯಾರು ಎಂದಾದರೂ ಗೊತ್ತಿತ್ತು. ಪೌರಕಾರ್ಮಿಕರು ಈ ಗುತ್ತಿಗೆಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದ ಮೇಲೆ ರಾಜ್ಯ ನೇರ ಪಾವತಿಗೆ ಬಂತು. 2022ರಲ್ಲಿ ಅವರ ಮುಷ್ಕರದ ನಂತರ 11,133 ಮಂದಿಯನ್ನು ಖಾಯಂ ಮಾಡಲು ಒಪ್ಪಿತು. ಬೆಳಗಿನ ಜಾವ ಹುಬ್ಬಳ್ಳಿಯ ರಸ್ತೆ ಗುಡಿಸುವ ಹೆಂಗಸಿಗೆ ಪೊರಕೆ ಹಿಡಿಯಲು ಯಾವ ಸ್ಪರ್ಧಾತ್ಮಕ ಪರೀಕ್ಷೆ ಬೇಕಿತ್ತು? ಆ ಕೆಲಸ ನಗರ ಇರುವ ತನಕ ಇರುತ್ತದೆ. ಅದನ್ನು ತಾತ್ಕಾಲಿಕ ಎಂದು ಕರೆದದ್ದೇ ಸುಳ್ಳು ಲೆಕ್ಕ.

ಮೇಲಿನಿಂದ ಕಾವಲು ಕಾಯಬೇಕಾದ ಕೇಂದ್ರವೇ ಈ ಸುಳ್ಳು ಲೆಕ್ಕ ಬರೆದ ಉದಾಹರಣೆಯೂ ಇದೆ. ಕೇಂದ್ರ ಜಲ ಆಯೋಗದ ಫರೀದಾಬಾದ್ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಮಹಿಳೆಯರನ್ನು ಎರಡು ದಶಕಗಳ ಸೇವೆಯ ನಂತರ ಬಿಡಿಸಿ ಕಳಿಸಲಾಗಿತ್ತು. 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ತೆಗೆದುಕೊಂಡು ಖಾಯಂ ಮಾಡಲು ಹೇಳಿತು. ದೀರ್ಘಕಾಲ ದುಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧದಂತೆ ಬೀಸುವುದು ತಪ್ಪು ಎಂದಿತು. 2025ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಧರಂ ಸಿಂಗ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಲಾಖೆಗಳು ಸಿಬ್ಬಂದಿ ದಾಖಲೆ, ಮಸ್ಟರ್ ರೋಲು, ಹೊರಗುತ್ತಿಗೆಯ ಒಪ್ಪಂದ ಎಲ್ಲವನ್ನೂ ಸರಿಯಾಗಿ ಇಟ್ಟು ತೋರಿಸಬೇಕು. ವರ್ಷವಿಡೀ ಇರುವ ಕೆಲಸಕ್ಕೆ ಹುದ್ದೆ ಸೃಷ್ಟಿಸದೆ ಅಭದ್ರ ನೇಮಕ ಯಾಕೆ ಎಂದು ಸಾಕ್ಷ್ಯಸಮೇತ ವಿವರಿಸಬೇಕು ಎಂದಿತು. ಧಾರವಾಡದವರು ದಿಲ್ಲಿಗೆ ಹೋಗಿ ಮೂವತ್ತೈದು ವರ್ಷದ ಮೇಲೆ ನ್ಯಾಯಾಲಯದ ಬೆರಳು ಸರಿಯಾದ ಜಾಗದ ಮೇಲೆ ಬಂದಿದೆ ಎಂದು ನನಗನಿಸುತ್ತದೆ.

ಯಾಕೆಂದರೆ ಸಪ್ತಾಪುರದ ಹುಡುಗ ಮತ್ತು ಕಚೇರಿಯೊಳಗಿನ ದಿನಗೂಲಿ ಇಬ್ಬರನ್ನೂ ಒಂದೇ ಕೈ ಹಿಂದೆ ತಳ್ಳಿದೆ. ಹುದ್ದೆ ಇಲ್ಲ ಎಂದು ಹುಡುಗನಿಗೆ ಹೇಳಿದ ಸರ್ಕಾರ ಅದೇ ಹುದ್ದೆಯ ಕೆಲಸವನ್ನು ಅರ್ಧ ಸಂಬಳಕ್ಕೆ ಇನ್ನೊಬ್ಬನಿಂದ ಮಾಡಿಸುತ್ತದೆ. ಅವನು ಖಾಯಂ ಮಾಡಿ ಎಂದಾಗ, ಹೊರಗೆ ಕಾಯುತ್ತಿರುವ ಅರ್ಹರಿಗೆ ಅನ್ಯಾಯವಾಗುತ್ತದೆ ಎಂದು ಅದೇ ಹುಡುಗನನ್ನು ತೋರಿಸುತ್ತದೆ. 2024ರ ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಹೊರಡಿಸುವುದಿಲ್ಲ ಎಂದು ರಾಜ್ಯ ನಿರ್ಧರಿಸಿತು. ಕಾರಣ ನ್ಯಾಯವಾದದ್ದೇ, ಶತಮಾನಗಳಿಂದ ಹಿಂದೆ ಉಳಿದವರ ಪಾಲಿನ ಪ್ರಶ್ನೆ ಅದು. ಆದರೆ ಆ ತಿಂಗಳುಗಳಲ್ಲಿ ಯಾವ ಕಚೇರಿಯೂ ಬಾಗಿಲು ಹಾಕಲಿಲ್ಲ. ಖಾಲಿ ಕುರ್ಚಿಯ ಕೆಲಸವನ್ನು ಯಾರೋ ಮಾಡುತ್ತಲೇ ಇದ್ದರು. ಅವರು ಯಾರು, ಹೇಗೆ ಬಂದರು, ಏನು ಪಡೆಯುತ್ತಿದ್ದಾರೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಈ ಪ್ರಶ್ನೆ ನಮ್ಮ ಮನೆಗೂ ಸಲ್ಲುತ್ತದೆ. ನೀವು ಈಗ ಕೇಳುತ್ತಿರುವ ಧಾರವಾಡದ ಈ ಆಕಾಶವಾಣಿ ನಿಲಯ 1950ರ ಜನವರಿ 8ರಂದು ಶುರುವಾದದ್ದು, ಜಾರಿಗೆ ಬಂದ ಸಂವಿಧಾನಕ್ಕಿಂತ ಹದಿನೆಂಟು ದಿನ ಹಿರಿಯದು. ಬಾನುಲಿಯಲ್ಲೂ ದಿನದ ಲೆಕ್ಕದಲ್ಲಿ ಬಂದು ಮಾತಾಡಿ ಹೋಗುವ ಉದ್ಘೋಷಕರಿದ್ದಾರೆ. ಅವರ ದನಿ ನಿಮಗೆ ಪರಿಚಯ, ಹುದ್ದೆಯ ಪಟ್ಟಿಗೆ ಅಪರಿಚಿತ.

ನ್ಯಾಯಾಲಯ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬಂದು ನೋಡುವ ಕಣ್ಣು. ಪ್ರತಿ ವರ್ಷ ನೋಡುವ ಕಣ್ಣು ನಮ್ಮದಾಗಬೇಕು. ಅದಕ್ಕೆ ಕಾನೂನು ಈಗಾಗಲೇ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣದಂತೆ ಪ್ರತಿ ಸರ್ಕಾರಿ ಕಚೇರಿ ತನ್ನ ಅಧಿಕಾರಿ, ನೌಕರರ ಪಟ್ಟಿಯನ್ನೂ ಪ್ರತಿಯೊಬ್ಬರ ತಿಂಗಳ ಸಂಬಳವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಹಾಗೆ ಪ್ರಕಟವಾಗುವ ಪಟ್ಟಿಗಳಲ್ಲಿ ಖಾಯಂ ನೌಕರರ ಹೆಸರು ಮಾತ್ರ ಕಂಡರೆ ಉಳಿದವರ ಬಗ್ಗೆ ನೀವು ಕೇಳಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಷ್ಟು ವರ್ಷದಿಂದ ಖಾಲಿ, ಆ ಜಾಗದಲ್ಲಿ ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ ಮೇಲೆ ದುಡಿಯುವವರು ಎಷ್ಟು ಮಂದಿ, ಯಾವ ಆದೇಶದ ಮೇಲೆ ಬಂದರು, ಅವರ ಕೈಗೆ ಸಿಗುವ ಹಣ ಎಷ್ಟು. ಸಪ್ತಾಪುರದಲ್ಲಿ ಓದುವ ಗೆಳೆಯರೇ, ಅಧಿಸೂಚನೆಗೆ ಕಾಯುವ ಹೊತ್ತಿನಲ್ಲಿ ನಿಮ್ಮ ನಿಮ್ಮ ತಾಲ್ಲೂಕಿನ ಕಚೇರಿಗೊಂದು ಅರ್ಜಿ ಬರೆಯಿರಿ. ಒಂದು ವಿಷಯ, 150 ಪದಗಳ ಒಳಗೆ, ಶುಲ್ಕ 10 ರೂಪಾಯಿ; ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರ 30 ದಿನದೊಳಗೆ ಬರಬೇಕು.